ಕೆಳಗಿನ ಬೋಲ್ಟು

ಆವತ್ತು ಏನೇನು ಕೆಡಬಹುದಿತ್ತು ಎಂಬುದನ್ನು ನಾನು ಈಗಲೂ ಒಂದೂ ಬಿಡದೆ ಹೇಳಬಲ್ಲೆ. ಜಾಕು ಜಾರಿ, ನಮ್ಮ ಪಿಕಪ್ಪಿನ ಹಿಂಭಾಗ ಅದರಡಿ ಮಲಗಿದ್ದ ಮೇಸ್ತ್ರಿಯ ಎದೆಯ ಮೇಲೆ ಕೂರಬಹುದಿತ್ತು. ಹಿಂದಿನ ಚಕ್ರಗಳ ನಡುವೆ ಇರುವ ಕಬ್ಬಿಣದ ಗುಂಡು, ಅಂದರೆ ಡಿಫರೆನ್ಶಿಯಲ್ಲು, ಅದರೊಳಗೆ ಅವರು ಹಾಕಿದ ಹೊಸ ಎಣ್ಣೆ ದಾರಿಯುದ್ದಕ್ಕೂ ಹನಿಹನಿಯಾಗಿ ಸೋರಿ, ಸಂಡೂರು ಘಾಟಿಯ ಇಳಿಜಾರಿನಲ್ಲಿ ಒಳಗಿನ ಹಲ್ಲುಗಳು ಒಂದನ್ನೊಂದು ಕಚ್ಚಿಕೊಂಡು, ಎರಡೂ ಚಕ್ರ ಒಮ್ಮೆಲೇ ನಿಂತುಬಿಡಬಹುದಿತ್ತು. ಅಥವಾ ಎಣ್ಣೆ ಚಕ್ರದ ಕಡೆಗೇ ಹರಿದು ಬ್ರೇಕು ತೊಯ್ದು, ನನ್ನ ತಮ್ಮ ಶೇಖರ ಎಷ್ಟು ತುಳಿದರೂ ಗಾಡಿ ನಿಲ್ಲದೆ ಹೋಗಬಹುದಿತ್ತು. ಗಾಡಿ ನಿಂತರೂ ಹಿಂದೆ ಬರುವ ಅದಿರಿನ ಲಾರಿ ನಿಲ್ಲದೆ ಹೋಗಬಹುದಿತ್ತು. ಬಾಳೆಗೊನೆಗಳ ಮೇಲೆ ಕೂತಿದ್ದ ಐದು ಜನ ಆಳುಗಳಲ್ಲಿ ಒಬ್ಬರಾದರೂ... ಈ ವಾಕ್ಯವನ್ನು ಇಷ್ಟು ವರ್ಷಗಳಲ್ಲಿ ನಾನು ಮನಸ್ಸಿನೊಳಗೂ ಪೂರ್ತಿ ಮಾಡಿಲ್ಲ. ಕೊನೆಯದು, ಊರು ಮೇಸ್ತ್ರಿಯ ಬಗ್ಗೆ ಆಡಿಕೊಳ್ಳುತ್ತಿದ್ದ ಮಾತು ನಿಜವೇ ಆಗಿರಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ತೀರ ಸಣ್ಣದು. ಅದನ್ನು ಹೇಳುವುದಕ್ಕೆ ಮೊದಲು ಮೇಸ್ತ್ರಿ ಯಾರೆಂದು ಹೇಳಬೇಕು.

ಹೋದ ತಿಂಗಳು ಕಂಪ್ಲಿಯ ತೋಟದವರೊಬ್ಬರು ನಮ್ಮಲ್ಲಿ ಗೊನೆ ಇಳಿಸಲು ಬಂದವರು ಚಹಾ ಕುಡಿಯುತ್ತ, "ನಿಮ್ಮ ಮೇಸ್ತ್ರಿ ಹೋದ್ರಲ್ರಿ, ಮಗಳ ಮನ್ಯಾಗ" ಎಂದರು. ಸಾವಿನ ಸುದ್ದಿ ಕೇಳಿದಾಗ ಮನುಷ್ಯರಾದವರು "ಅಯ್ಯೋ" ಎನ್ನುತ್ತಾರೆ. ನಾನು "ಖಾತ್ರಿ ಏನ್ರಿ?" ಎಂದೆ.

ಅವರು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. "ಮಣ್ಣು ಕೊಡಾಕ ನಾನ ಹೋಗಿದ್ದೆನ್ರಿ. ಇನ್ನೆಂಥಾ ಖಾತ್ರಿ ಬೇಕು ನಿಮಗ?"

ನನ್ನ ಚಾಳಿ ಅದು. ಬೀಗ ಹಾಕಿ ಮೂರು ಸಲ ಎಳೆದು ನೋಡುವವನು, ಬಸ್ಸು ಹತ್ತಿದ ಮೇಲೆ ಊರಿನ ಹೆಸರನ್ನು ಕಂಡಕ್ಟರನ ಜೊತೆಗೆ ಪಕ್ಕದವನನ್ನೂ ಕೇಳುವವನು. ಮನೆಯಲ್ಲಿ ಇದನ್ನು ತಮಾಷೆಯಾಗಿ ತೆಗೆದುಕೊಂಡಿದ್ದಾರೆ. ನಾನೂ ಹಾಗೆಯೇ ತೆಗೆದುಕೊಂಡಿದ್ದೆ, ಮೇಸ್ತ್ರಿಯ ವಿಷಯ ಒಂದನ್ನು ಬಿಟ್ಟು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಊರು ಮತ್ತೆ ಆ ಹಳೆಯ ಮಾತನ್ನು ಎತ್ತಿಕೊಳ್ಳುತ್ತದೆ. ಬದುಕಿದ್ದಾಗಲೂ ಹೊಸಪೇಟೆಯಲ್ಲಿ ಅರ್ಧಕ್ಕರ್ಧ ಜನ ಅವರನ್ನು ಕರೆದದ್ದು ಮೇಸ್ತ್ರಿ ಎಂದೇ.

ನಾನು ಬಿ.ಕಾಂ. ಓದಿ ಬಾಳೆಕಾಯಿ ಮಾರುವವನು. ನಾನು ಹೇಳುತ್ತಿರುವುದು ಕಾಲುವೆಗಳು ತುಂಬಿ ಹರಿಯುತ್ತಿದ್ದ ದಿನಗಳ ಮಾತು. ಗದ್ದೆ, ಕಬ್ಬು, ಬಾಳೆ ಎಲ್ಲವೂ ಕೈಹಿಡಿದು, ನಿನ್ನೆವರೆಗೆ ಸೈಕಲ್ ತುಳಿಯುತ್ತಿದ್ದವರ ಮನೆ ಮುಂದೆ ಟ್ರ್ಯಾಕ್ಟರು ನಿಲ್ಲುತ್ತಿತ್ತು. ಆ ಹುರುಪಿನಲ್ಲಿ ನಾನೂ ಶೇಖರನೂ ಒಂದು ಗಣಿಯವರಿಂದ ಹಳೆಯ ಡೀಸೆಲ್ ಪಿಕಪ್ ಕೊಂಡೆವು. ಕಂಪ್ಲಿಯ ತೋಟಗಳಲ್ಲಿ ಸುಗಂಧಿ ಬಾಳೆ ತುಂಬಿಕೊಂಡು ಹೊಸಪೇಟೆಗೆ ಬಂದು, ಅಲ್ಲಿಂದ ಘಾಟಿ ಹತ್ತಿಳಿದು ಸಂಡೂರು, ಕೆಲವೊಮ್ಮೆ ಚೋರನೂರಿನವರೆಗೂ. ಓಡಿಸುವುದು ಶೇಖರ, ಚಿಂತೆ ಮಾಡುವುದು ನಾನು. ಈ ಪಾಲುಗಾರಿಕೆಯಲ್ಲಿ ಅವನಿಗೆ ವಾರಕ್ಕೊಂದು ರಜೆ ಇತ್ತು, ನನಗೆ ಇರಲಿಲ್ಲ.

ಗಾಡಿ ಕೊಟ್ಟ ಗಣಿಯವರು ಡಿಫರೆನ್ಶಿಯಲ್ಲಿನ ಎಣ್ಣೆ ಒಮ್ಮೆ ಬದಲಿಸಿಬಿಡಿ ಎಂದಿದ್ದರು. ಆ ಗುಂಡಿಗೆ ಇರುವುದು ಎರಡೇ ಬೋಲ್ಟು. ಎಣ್ಣೆ ಹಾಕಲು ಮೇಲೊಂದು, ಇಳಿಸಲು ಕೆಳಗೊಂದು. ಎರಡು ಬೋಲ್ಟಿಗೆ ಒಬ್ಬ ಮೆಕ್ಯಾನಿಕ್ ಯಾಕೆ ಎಂದು ಪದವೀಧರನ ತರ್ಕ ಹೂಡಿ, ನಾನೇ ಗಾಡಿಯ ಕೆಳಗೆ ನುಸುಳಿ ಕೆಳಗಿನದನ್ನು ಬಿಚ್ಚಿದೆ. ಕಪ್ಪಗಿನ ಎಣ್ಣೆ ಕಬ್ಬಿಣದ ಪುಟ್ಟಿಗೆ ಸುರಿದದ್ದು ನೋಡಿ ಬಹಳ ಹೆಮ್ಮೆಯಾಯಿತು. ಆಮೇಲೆ ಮೇಲಿನ ಬೋಲ್ಟಿಗೆ ಪಾನಾ, ಅಂದರೆ ಸ್ಪ್ಯಾನರು, ಹಾಕಿದೆ. ಅದು ಅಲುಗಲಿಲ್ಲ. ಗಣಿಯ ಕೆಂಪು ಧೂಳು ವರ್ಷಗಟ್ಟಲೆ ಕೂತು ಅದನ್ನು ಗುಂಡಿಗೇ ಬೆಸೆದಿತ್ತು. ಹೊಟ್ಟೆ ಖಾಲಿಯಾದ ಗಾಡಿ, ಬಾಯಿ ತೆಗೆಯದು. ಮರುದಿನಕ್ಕೆ ಬಾಳೆ ಕಡಿದು ಇಟ್ಟಿದ್ದಾರೆ. ಆಗ ಶೇಖರ ಹೋಗಿ ಮೇಸ್ತ್ರಿಯನ್ನು ಕರೆತಂದ.

ಸಣಕಲು ಮನುಷ್ಯ. ಖಾಕಿ ಅಂಗಿ, ಮಡಚಿ ಕಟ್ಟಿದ ಲುಂಗಿ. ಹರೆಯದಲ್ಲಿ ಡ್ಯಾಮಿನ ಕೆಲಸಕ್ಕೆ ಸೇರಿ ಯಂತ್ರಗಳಿಗೆ ಗ್ರೀಸು ಹಾಕುತ್ತ ಕಲಿತವರು. ಕಾಲುವೆ ದಂಡೆಯಲ್ಲಿ ಅವರದೊಂದು ತಗಡಿನ ಶೆಡ್ಡು. ಬಗ್ಗಿ ಒಮ್ಮೆ ಗಾಡಿಯ ಕೆಳಗೆ ನೋಡಿದರು, ಒಮ್ಮೆ ನನ್ನ ಕಡೆ ನೋಡಿದರು.

"ಯಾರ್ರಿ ಬಿಚ್ಚಿದ್ದು?"

"ನಾನು," ಎಂದೆ.

"ಎಲ್ಲಿಮಟ ಓದೀರಿ?"

"ಬಿ.ಕಾಂ."

"ಹಂಗನ್ರಿ ಮತ್ತ," ಎಂದರು. "ಬರೋ ದಾರಿ ಐತೋ ಇಲ್ಲೋ ನೋಡದ ಹೋಗೋ ದಾರಿ ತಗದೀರಿ. ಮೊದ್ಲ ಮ್ಯಾಲಿಂದು ಬಿಚ್ಚಬೇಕ್ರಿ. ಅದು ಬಂತು ಅಂದ್ರ ಕೆಳಗಿಂದಕ್ಕ ಕೈ ಹಚ್ಚಬೇಕು. ಬರಲಿಲ್ಲ ಅಂದ್ರ ಹಳೇ ಎಣ್ಣಿ ಇದ್ದಂಗ ಇರ್ಲಿ ಅಂತ ಬಿಡಬೇಕು."

ಮೇಲಿನ ಬೋಲ್ಟಿನ ಸುತ್ತ ಸೀಮೆಎಣ್ಣೆ ಸುರಿದು, ಸುತ್ತಿಗೆಯಿಂದ ಅರ್ಧ ಗಂಟೆ ಮೆಲ್ಲಗೆ ತಟ್ಟುತ್ತ ಕೂತರು. ಬಾಗಿಲು ತಟ್ಟುವವರ ಹಾಗೆ, ಒಳಗಿನವರು ಮಲಗಿದ್ದಾರೆ ಎಂಬ ಮರ್ಯಾದೆಯಿಂದ. ಕೊನೆಗೆ ಅದು ಬಂತು. ಅಂದಿನಿಂದ ಅವರು ನನ್ನನ್ನು "ಸಾವ್ಕಾರ್ರೇ" ಎನ್ನತೊಡಗಿದರು. ಅದು ಗೌರವವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅವರ ಶೆಡ್ಡಿಗೆ ಹೋಗಿ ಬರುವುದೆಂದರೆ ನನ್ನಂಥವನಿಗೆ ಜಾತಕ ತೋರಿಸಿಕೊಂಡು ಬಂದ ಹಾಗೆ. ಒಳ್ಳೆಯ ಮಾತು ಅವರ ಬಾಯಲ್ಲಿ ಇರಲಿಲ್ಲ. ಗಾಡಿ ಪೂರ್ತಿ ಪರೀಕ್ಷಿಸಿ, ಎಲ್ಲ ಸರಿಯಿದ್ದರೂ, "ಸದ್ಯಕ್ಕ ಏನೂ ಇಲ್ರಿ" ಎನ್ನುತ್ತಿದ್ದರು. ಆ "ಸದ್ಯಕ್ಕ" ನನ್ನ ಜೊತೆ ಮನೆಗೆ ಬಂದು ರಾತ್ರಿಯೂಟಕ್ಕೆ ಕೂರುತ್ತಿತ್ತು.

ಇಳಿಸಿದ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಮೂಗಿನ ಹತ್ತಿರ ಹಿಡಿದು, ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಿದ್ದರು. ಒಮ್ಮೆ ನಾನು ಅಲ್ಲಿದ್ದಾಗ ಕಂಪ್ಲಿಯ ಕಬ್ಬಿನ ಗೌಡರೊಬ್ಬರು ಹೊಸ ಜೀಪು ತಂದಿದ್ದರು. ಜೊತೆಗೆ ಹರೆಯದ ಮಗ. ಎಣ್ಣೆ ಇಳಿಸಿದರೆ ಹಾಲು ಬೆರೆಸಿದ ಚಹಾದ ಬಣ್ಣ.

"ಗಾಡಿ ಹೊಳಿಯೊಳಗ ಇಳದೈತ್ರಿ," ಎಂದರು ಮೇಸ್ತ್ರಿ.

"ನಮ್ಮ ಗಾಡಿ? ಸಾಧ್ಯ ಇಲ್ಲ. ಇವನ ಓಡಸ್ತಾನ. ಏನಲೇ?"

"ಇಲ್ಲಪ್ಪ, ನಾ ಯಾಕ ಇಳಸ್ಲಿ," ಎಂದ ಮಗ.

ಮೇಸ್ತ್ರಿ ವಾದ ಮಾಡಲಿಲ್ಲ. ಬೆರಳನ್ನು ಹುಡುಗನ ಕಡೆ ಚಾಚಿ, "ಹಂಪಿ ಕಡೆ ಹೊಳಿ ನೀರು, ಮಳಲು ನೋಡ್ರಿ, ಸಣ್ಣಂದು" ಎಂದರು. ಮಗ ಬೆವೆತ. ಫಾರಿನ್ನಿನವರನ್ನು ಕೂರಿಸಿಕೊಂಡು ನೀರೊಳಗೆ ಓಡಿಸಿ ತೋರಿಸಿದ್ದು ಹೊರಗೆ ಬಂತು. ಗೌಡರು ಕೈಯೆತ್ತಿದರು. ಮೇಸ್ತ್ರಿ ಅವರ ಕೈ ಹಿಡಿದುಕೊಂಡು ಹೇಳಿದ್ದು ಇಷ್ಟು: "ಹೊಡೀಬ್ಯಾಡ್ರಿ. ಎಣ್ಣಿ ಬದಲಿ ಮಾಡೋಣ. ಆದ್ರ ಒಮ್ಮಿ ನೀರು ಹೊಕ್ಕ ಮ್ಯಾಲ ಹಲ್ಲು ಅದನ್ನ ಮರಿಯಂಗಿಲ್ಲ." ಆ ಜೀಪಿನ ಡಿಫರೆನ್ಶಿಯಲ್ಲು ಎರಡು ವರ್ಷದೊಳಗೆ ಮುರಿಯಿತು. ಜನ ಅದನ್ನು ಅವರ ಜಾಣತನಕ್ಕೆ ಸೇರಿಸಲಿಲ್ಲ, ಅವರ ನಾಲಿಗೆಗೆ ಸೇರಿಸಿದರು. "ಆ ಮುದುಕ ಅಂದ್ರ ಹಂಗ ಆಕ್ಕೈತಿ" ಎಂಬ ಮಾತು ಹುಟ್ಟಿಕೊಂಡದ್ದು ಆಗ.

ಬಿಗಿ ಮಾಡುವ ರೀತಿಯೊಂದನ್ನು ಹೇಳಲೇಬೇಕು. ಬೇರೆ ಮೆಕ್ಯಾನಿಕ್ಕುಗಳು ಪಾನಾದ ಮೇಲೆ ಮೈಭಾರ ಹಾಕಿ, ಹಲ್ಲು ಕಚ್ಚಿ, ಒಂದು ಬೈಗುಳ ಸೇರಿಸಿ ತಿರುಗಿಸುತ್ತಾರೆ. ಮೇಸ್ತ್ರಿ ಮಣಿಕಟ್ಟಿನಿಂದಷ್ಟೇ ತಿರುಗಿಸುತ್ತಿದ್ದರು. ಎಲ್ಲೋ ಒಂದು ಕಡೆ ಕೈ ತಾನಾಗಿ ನಿಲ್ಲುತ್ತಿತ್ತು. ಪಾನಾ ತೆಗೆದು, ಬೋಲ್ಟಿನ ಮೇಲೆ ಅಂಗೈ ಇಟ್ಟು, "ಆತು" ಎನ್ನುತ್ತಿದ್ದರು. ಅಷ್ಟೇ. ಕಣ್ಣಿಗೆ ಪೊರೆ ಬರುತ್ತಿತ್ತು, ಕೆಲಸವೆಲ್ಲ ಕೈಯ ಅಂದಾಜಿನ ಮೇಲೆಯೇ ನಡೆಯುತ್ತಿತ್ತು. ಅವರ ಹತ್ತಿರ ಸರ್ಟಿಫಿಕೇಟು ಇರಲಿಲ್ಲ, ಬೋರ್ಡು ಇರಲಿಲ್ಲ. ಇದ್ದದ್ದು ಆ ಒಂದು ಮಾತು. ಆತು ಎಂದರೆ ಆಯಿತು. ಡ್ರೈವರುಗಳು ಅದನ್ನು ಕೇಳಿ ಎದ್ದು ಲುಂಗಿ ಜಾಡಿಸಿ ಗಾಡಿ ಹತ್ತುತ್ತಿದ್ದರು.

ಆ ಘಾಟಿಯ ದಿನದ ನಂತರ ಅದೇ ಮಾತು ಅವರ ಬಾಯಲ್ಲಿ ಬೇರೆಯಾಯಿತು. ಬಿಗಿ ಮಾಡಿದ ಬೋಲ್ಟನ್ನು ಮತ್ತೆ ಮುಟ್ಟಿ ನೋಡುತ್ತಿದ್ದರು. "ಆತೇನ್ರಿ?" ಎಂದು ಗಾಡಿಯವರನ್ನೇ ಕೇಳುತ್ತಿದ್ದರು. ಹೊರಟ ಗಾಡಿಯ ಹಿಂದೆ ನಾಲ್ಕು ಹೆಜ್ಜೆ ಓಡಿ, ಕೈ ಬೀಸಿ ನಿಲ್ಲಿಸಿ, ಮತ್ತೆ ಕೆಳಗೆ ನುಸುಳುತ್ತಿದ್ದರು. ಮೊದಮೊದಲು ಜನ ನಕ್ಕರು. ಆಮೇಲೆ, ತಾನು ಮಾಡಿದ್ದನ್ನು ತಾನೇ ನಂಬದವನ ಹತ್ತಿರ ಯಾರು ಗಾಡಿ ಬಿಡುತ್ತಾರೆ? ಒಂದು ವರ್ಷ ತುಂಬುವುದರೊಳಗೆ ಶೆಡ್ಡಿನ ತಗಡು ಕಳಚಿ ಮಾರಿ ಮಗಳ ಮನೆಗೆ ಹೋದರು. ಮುಪ್ಪು ಎಂದರು ಕೆಲವರು. ನಾನೂ ಹೌದೆಂದು ತಲೆಯಾಡಿಸಿದೆ.

ಈಗ ಆ ದಿನ.

ಅದಕ್ಕೆ ಐದು ತಿಂಗಳ ಹಿಂದೆ ಘಾಟಿಯಲ್ಲಿ ಒಂದು ಟೆಂಪೋ ಉರುಳಿ, ಓಡಿಸುತ್ತಿದ್ದವನು ಅಲ್ಲೇ ಸತ್ತಿದ್ದ. ಹಿಂದಿನ ವಾರವಷ್ಟೇ ಅದರ ಡಿಫರೆನ್ಶಿಯಲ್ಲಿನ ಎಣ್ಣೆ ಬದಲಿಸಿದ್ದವರು ಮೇಸ್ತ್ರಿ. ಮುದುಕನಿಗೆ ಕಣ್ಣು ಕಾಣುವುದಿಲ್ಲ, ಕೆಳಗಿನ ಬೋಲ್ಟು ಬಿಗಿ ಮಾಡುವುದು ಮರೆತಿದ್ದಾನೆ, ದಾರಿಯಲ್ಲಿ ಅದು ಬಿದ್ದುಹೋಗಿದೆ ಎಂಬ ಮಾತು ಕ್ಷೌರದಂಗಡಿಯಲ್ಲಿ ಹುಟ್ಟಿ, ಸಂಜೆಯೊಳಗೆ ಬಸ್‌ಸ್ಟ್ಯಾಂಡು ಮುಟ್ಟಿತು. ಬೆಳಗಿನಿಂದ ನಾಲ್ಕು ಗಾಡಿ ಸಾಲು ನಿಲ್ಲುತ್ತಿದ್ದ ಶೆಡ್ಡಿನ ಮುಂದೆ ನಾಯಿ ಮಲಗತೊಡಗಿತು.

ಒಮ್ಮೆ ನಾನು ಕೇಳಿಯೇಬಿಟ್ಟೆ. ಅವರು ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಹೇಳಿದರು. "ಸುದ್ದಿ ಬಂದ ಕೂಡ್ಲೆ ಹೋಗಿದ್ದೆನ್ರಿ. ಗಾಡಿ ಬೋರಲ ಬಿದ್ದಿತ್ತು. ಕೆಳಗಿಂದು ಮ್ಯಾಲ ಆಗಿತ್ತು. ನಾನು ಬಗ್ಗೋದೂ ಬೇಕಾಗ್ಲಿಲ್ಲ. ನಿಂತಲ್ಲಿಂದನ ಕೈ ಹಾಕಿ ನೋಡಿದೆ. ಬೋಲ್ಟ್ ನಾ ಹಾಕಿದ್ದು ಹಾಕಿದಂಗ ಇತ್ತು."

"ಮತ್ತ ಎಲ್ಲಾರ ಮುಂದ ಹೇಳಬೇಕಿಲ್ಲೇನ್ರಿ?"

"ಸತ್ತೋನ ಹೇಣ್ತಿ ಅಲ್ಲೇ ಕಲ್ಲಿನ ಮ್ಯಾಲ ಕುಂತಿದ್ಲು. ಅಕಿ ಮುಂದ ನಿಂತು ನನ್ನ ಬೋಲ್ಟ್ ಛಲೋ ಐತಿ ಅನ್ಲೇನ್ರಿ?"

ನಾವು ಮಾತ್ರ ಅವರನ್ನು ಬಿಡಲಿಲ್ಲ. ಇದನ್ನು ನಿಷ್ಠೆ ಎಂದು ತಿಳಿಯಬಾರದು. ಹೊಸ ಮೆಕ್ಯಾನಿಕ್ಕನೆಂದರೆ ಹೊಸ ಭಯ, ಹಳೆಯ ಭಯವಾದರೆ ಅಭ್ಯಾಸವಾಗಿರುತ್ತದೆ. ಅಷ್ಟರಲ್ಲಿ ಪಿಕಪ್ಪಿನ ಹಿಂಭಾಗದಿಂದ ಏರಿನಲ್ಲಿ ಊಂ ಎಂಬ ಸದ್ದು ಬರತೊಡಗಿತ್ತು. ಎಣ್ಣೆ ಬದಲಿಸಬೇಕು ಎಂದರು ಮೇಸ್ತ್ರಿ. ಬೆಳಿಗ್ಗೆ ಏಳಕ್ಕೆ ಬಾಳೆ ತುಂಬಿದ ಗಾಡಿಯನ್ನೇ ಶೆಡ್ಡಿಗೆ ತಂದೆವು. ಎದುರಿನ ಮಂಡಕ್ಕಿ ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಆರೇಳು ಜನ ಟ್ರ್ಯಾಕ್ಟರಿನವರು, ಜೀಪಿನವರು ಕೂತಿದ್ದರು. ಎಲ್ಲರೂ ಹಿಂದೆ ಮೇಸ್ತ್ರಿಯ ಗಿರಾಕಿಗಳೇ. ಅವರಲ್ಲೊಬ್ಬ ನನಗೆ ಕೇಳುವಷ್ಟೇ ಗಟ್ಟಿಯಾಗಿ ಹೇಳಿದ: "ಇವರ ಗಾಡಿ ಘಾಟಿ ಹತ್ತಿಳದು ಸುಸೂತ್ರ ವಾಪಸ್ ಬರ್ಲಿ. ನಾಳಿಂದ ನನ್ನ ಟ್ರ್ಯಾಕ್ಟರ್ ಇಲ್ಲೇ ಬಿಡ್ತೀನಿ. ಬರ್ಲಿಲ್ಲಂದ್ರ ಶೆಡ್ ಮುಚ್ಚಿದಂಗ."

ಮೇಸ್ತ್ರಿಗೂ ಅದು ಕೇಳಿಸಿತು. ಅವರು ಜಾಕು ಎತ್ತಿಕೊಂಡರು.

ಆವತ್ತಿನಷ್ಟು ನಿಧಾನವಾಗಿ ಅವರು ಕೆಲಸ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಮೊದಲು ಶೇಖರನಿಗೆ ಕಾಲುವೆ ಸೇತುವೆವರೆಗೆ ಓಡಿಸಿಕೊಂಡು ಬಾ ಎಂದರು. "ತಣ್ಣಗಿದ್ರ ಹೊಲಸು ತಳಕ್ಕ ಕುಂತಿರ್ತೈತಿ. ಬೆಚ್ಚಗಾದ್ರ ಎಲ್ಲಾ ಹೊರಗ ಬರ್ತೈತಿ." ಮೇಲಿನ ಬೋಲ್ಟು, ಆಮೇಲೆ ಕೆಳಗಿನದು. ಎಣ್ಣೆಯಲ್ಲಿ ಕಂಡೂ ಕಾಣದಷ್ಟು ಸಣ್ಣ ಕಬ್ಬಿಣದ ಪುಡಿ ಮಿಂಚುತ್ತಿತ್ತು. ಅಚ್ಚಿನ ಮೇಲೆ ಗಾಳಿಯಾಡಲು ಒಂದು ಸಣ್ಣ ತೂತಿನ ಮೂತಿ ಇರುತ್ತದೆ. ಅದು ಕೆಂಪು ಧೂಳಿನಿಂದ ಮುಚ್ಚಿಹೋಗಿತ್ತು. ಸೈಕಲ್ಲಿನ ಕಡ್ಡಿಯಿಂದ ಅದನ್ನು ಬಿಡಿಸುತ್ತ, "ಇದು ಕಟ್ಟಿದ್ರ ಒಳಗಿನ ಬಿಸಿ ಎಣ್ಣಿ ಬ್ರೇಕಿಗೆ ನುಗ್ತೈತಿ. ಘಾಟಿ ಇಳಿವಾಗ ನುಗ್ತೈತಿ" ಎಂದರು. ಮುಂದೇನಾಗುತ್ತದೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಗೊನೆಗಳ ಮೇಲೆ ಕೂತಿದ್ದ ಆಳುಗಳ ಗುಂಪಿನ ಹಿರಿಯಳು ಹುಲಿಗೆಮ್ಮ ಕೆಳಗಿಳಿದು ಎಲೆಯಡಿಕೆ ಉಗುಳಿ ಬಂದಳು.

ಕೆಳಗಿನದನ್ನು ಮುಚ್ಚಿ, ಹೊಸ ಎಣ್ಣೆ ಮೇಲಿನ ತೂತಿನಿಂದ ಉಕ್ಕಿ ಬರುವವರೆಗೆ ತುಂಬಿ, ಮೇಲಿನದನ್ನೂ ಮುಚ್ಚಿದರು. ಮತ್ತೆ ಕೆಳಗಿನ ಬೋಲ್ಟಿಗೆ ಬಂದರು. ಮಣಿಕಟ್ಟು ತಿರುಗಿತು, ನಿಂತಿತು. ಎಂದಿಗಿಂತ ಒಂದಿಷ್ಟು ಮೊದಲೇ ನಿಂತಿತು ಎಂದು ನನಗೆ ಅನಿಸಿತು. ಅಂಗೈ ಇಟ್ಟರು.

"ಆತು."

ನಾನು ಬಗ್ಗಿ, "ಬಿಗಿ ಆತಲ್ರಿ ಮೇಸ್ತ್ರಿ?" ಎಂದೆ.

ಗಾಡಿಯ ಕೆಳಗೆ ಪಾನಾ ನೆಲಕ್ಕಿಟ್ಟ ಸದ್ದಾಯಿತು. ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ, "ಆತಂತ ಹೇಳೀನ್ರಿ" ಎಂದರು. ಆ ವಾಕ್ಯದಲ್ಲಿ ಇರಬೇಕಾದದ್ದಕ್ಕಿಂತ ಎರಡು ಪದ ಹೆಚ್ಚು ಇದ್ದವು. ನಾನೇ ಹಾಕಿಸಿದ್ದು.

ಗಾಡಿ ಹೋಯಿತು. ನಾನು ನಮ್ಮ ಬಾಳೆಕಾಯಿ ಅಂಗಡಿಗೆ ಹೋಗಬೇಕಿತ್ತು, ಹೋಗಲಿಲ್ಲ. ಮೇಸ್ತ್ರಿಯ ಎದುರು ಖಾಲಿ ಡಬ್ಬದ ಮೇಲೆ ಕೂತೆ. ಬೆಂಚಿನವರೂ ಏಳಲಿಲ್ಲ. ಕಾಲುವೆಯಲ್ಲಿ ನೀರು ದಡ ಮುಟ್ಟಿ ಹರಿಯುತ್ತಿತ್ತು. ಅದಿರಿನ ಲಾರಿಗಳು ಸ್ಟೇಷನ್ನಿನ ಕಡೆ ಹೋಗುತ್ತಿದ್ದವು. ಒಂದೊಂದು ಹೋದಾಗಲೂ ಕೆಂಪು ಧೂಳು ಎದ್ದು, ಶೆಡ್ಡಿನೊಳಗಿದ್ದ ನಮ್ಮಿಬ್ಬರ ಮೇಲೆ ಮೆಲ್ಲಗೆ ಇಳಿಯುತ್ತಿತ್ತು. ನಾನು ಮೂರು ಸಲ ಟೈಮು ಹೇಳಿದೆ. ನಾಲ್ಕನೆಯ ಸಲ ಮೇಸ್ತ್ರಿ, "ಸಾವ್ಕಾರ್ರೇ, ಗಡಿಯಾರ ಕಿಸೆದಾಗ ಇಡ್ರಿ" ಎಂದರು.

ಹನ್ನೊಂದರ ಸುಮಾರಿಗೆ ಒಂದು ಲಾರಿ ಚಹಾಕ್ಕೆ ನಿಂತಿತು. ಅದರ ಡ್ರೈವರು ಮುಖ ತೊಳೆದುಕೊಳ್ಳುತ್ತ ಬೆಂಚಿನವರಿಗೆ ಹೇಳಿದ. "ಘಾಟಿ ತಿರುವಿನಾಗ ಒಂದು ಬಾಳಿಕಾಯಿ ಗಾಡಿ ನಿಂತೈತಿ ನೋಡ್ರಿ. ರಸ್ತೆ ತುಂಬ ಗೊನಿ."

ಬೆಂಚಿನ ಮೇಲೆ ಎಲ್ಲರೂ ಶೆಡ್ಡಿನ ಕಡೆ ತಿರುಗಿದರು. ನಾನು ಎದ್ದು ಹೋದೆ.

"ಜನ?"

"ದಂಡಿಗೆ ಕುಂತಾರ್ರಿ."

"ಕುಂತಾರೋ, ಮಲಗ್ಯಾರೋ?"

"ನಾನು ನಿಲ್ಸಿಲ್ರಿ ಯಪ್ಪಾ, ಇಳಕಲು, ಲೋಡ್ ಇತ್ತು," ಎಂದ ಅವನು.

ನನ್ನ ಸ್ಕೂಟರು ಒಂದೇ ಒದೆತಕ್ಕೆ ಶುರುವಾದದ್ದು ಆವತ್ತು ಮಾತ್ರ. ಮೇಸ್ತ್ರಿ ಪಾನಾ ಒಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಣ್ಣೆಯ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕೂತರು. ಊರು ದಾಟಿದ ಮೇಲೆ ಬಾಯಿ ಬಿಟ್ಟರು. "ರಸ್ತಿ ಮ್ಯಾಲ ನೋಡ್ರಿ. ನನಗ ಕಾಣಂಗಿಲ್ಲ. ಎಣ್ಣಿ ಬಿದ್ದಿದ್ರ ಹೇಳ್ರಿ."

ಎಣ್ಣೆ ಎಲ್ಲಿ ಬಿದ್ದಿರಲಿಲ್ಲ? ದಿನಕ್ಕೆ ನೂರಾರು ಲಾರಿ ಓಡಾಡುವ ರಸ್ತೆ. ಪ್ರತಿ ಹತ್ತು ಮಾರಿಗೆ ಒಂದು ಕಪ್ಪು ಚುಕ್ಕೆ. "ಇಲ್ಲೊಂದು ಐತ್ರಿ" ಎನ್ನುತ್ತಿದ್ದೆ. "ಹನಿಯೋ ಗೆರಿಯೋ?" "ಹನಿ." ಮತ್ತೆ ಸ್ವಲ್ಪ ದೂರ. "ಇಲ್ಲೂ ಐತ್ರಿ." "ಹೊಸಾದೋ ಹಳೇದೋ?" ಅದು ನನಗೆ ಹೇಗೆ ಗೊತ್ತಾಗಬೇಕು? ಆದರೂ "ಹೊಸಾದು ಇದ್ದಂಗ ಕಾಣ್ತೈತ್ರಿ" ಎಂದೆ. ನನ್ನ ಭುಜ ಹಿಡಿದಿದ್ದ ಅವರ ಕೈ ಬಿಗಿಯಾಯಿತು. ಅವರು ಮೊದಲ ಸಲ ತಮಗೇ ಎಂಬಂತೆ ಮಾತಾಡಿದರು. "ವಾಷರ್ ಹಾಕೀನಿ... ಹಾಕೀನಲ್ಲ. ಹೊಸಾದು ಹಾಕೀನಿ." ಸ್ವಲ್ಪ ಬಿಟ್ಟು, "ನೀವು ನೋಡಿದ್ರಲ್ಲ ಸಾವ್ಕಾರ್ರೇ, ವಾಷರ್ ಹಾಕಿದ್ದು?"

ನಾನು ನೋಡಿದ್ದೆ. ತಾಮ್ರದ ಬಳೆಯಂಥ 'ವಾಷರು' ಅವರ ಬೆರಳಲ್ಲಿ ಹೊಳೆದದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ. ಹಾಗಿದ್ದೂ ನನ್ನ ಬಾಯಿಂದ ಬಂದದ್ದು, "ನೋಡಿದಂಗ ನೆನಪ್ರಿ" ಎಂದು.

ಘಾಟಿ ಶುರುವಾಯಿತು. ಒಂದು ಬದಿ ಗುಡ್ಡ, ಇನ್ನೊಂದು ಬದಿ ಏನೂ ಇಲ್ಲ. ಟೆಂಪೋ ಉರುಳಿದ ಜಾಗದಲ್ಲಿ ಸಾಲುಗಲ್ಲು ಎರಡು ಇನ್ನೂ ಕಿತ್ತುಕೊಂಡೇ ಬಿದ್ದಿದ್ದವು. ಮೇಸ್ತ್ರಿಗೆ ಕಾಣುವುದಿಲ್ಲವೆಂದು ನಾನು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ, "ದಾಟಿತೇನ್ರಿ?" ಎಂದರು. ದಾಟಿತು ಎಂದೆ.

ಮುಂದಿನ ತಿರುವಿನಲ್ಲಿ ನಮ್ಮ ಪಿಕಪ್ಪು. ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ್ದರು. ರಸ್ತೆಯ ಮೇಲೆ ಹಸಿರು ಗೊನೆಗಳು, ಕೆಲವು ಲಾರಿಯ ಚಕ್ರಕ್ಕೆ ಸಿಕ್ಕು ಬಿಳಿಯ ಹಿಟ್ಟಾಗಿದ್ದವು. ದಂಡೆಗೆ ಕೂತವರನ್ನು ಎಣಿಸಿದೆ. ಐದು. ಶೇಖರನನ್ನು ಸೇರಿಸಿ ಆರು. ಮತ್ತೊಮ್ಮೆ ಎಣಿಸಿದೆ.

"ಹಗ್ಗ ಹರೀತಣ್ಣ," ಎಂದ ಶೇಖರ, ಮಿರ್ಚಿ ಖಾಲಿಯಾಯಿತು ಎನ್ನುವವನಷ್ಟೇ ಆರಾಮಾಗಿ. "ಮ್ಯಾಲಿನ ಗೊನಿ ಜಾರಿದ್ವು. ಗಾಡಿ ಹೂವಿನಂಗ ಏರೈತಿ. ಆ ಊಂ ಅನ್ನೋದೂ ಇಲ್ಲ. ನೀ ಯಾಕ ಬಂದಿ?"

ಮೇಸ್ತ್ರಿ ಆಗಲೇ ಗಾಡಿಯ ಕೆಳಗೆ ಹೋಗಿದ್ದರು. ಅವರ ಕೈ ಕೆಳಗಿನ ಬೋಲ್ಟಿನ ಸುತ್ತ ಒಮ್ಮೆ ಆಡಿ ಬಂದದ್ದನ್ನು ನಾನು ಕಂಡೆ. ಬೆರಳು ಹೊರಚಾಚಿ ತೋರಿಸಿದರು. ಒಣಗಿದ್ದ ಕೆಂಪು ಧೂಳು ಬಿಟ್ಟರೆ ಒಂದು ಹನಿ ಎಣ್ಣೆ ಇಲ್ಲ.

"ಒಣಗೈತ್ರಿ," ಎಂದರು. ಅವರ ದನಿಯಲ್ಲಿ ಬೆಳಗಿನ ಮನುಷ್ಯ ಅರ್ಧ ವಾಪಸು ಬಂದಿದ್ದ. "ಸದ್ಯಕ್ಕ ಏನೂ ಇಲ್ಲ."

ಅಲ್ಲಿಗೆ ಮುಗಿಯಬೇಕಿತ್ತು. ಗೊನೆ ತುಂಬಿ, ಹೊಸ ಹಗ್ಗ ಬಿಗಿದು, ಶೇಖರ ಘಾಟಿ ಇಳಿಯಬೇಕಿತ್ತು. ಆದರೆ ಮುಂದೆ ಇರುವುದು ಇಳಿಜಾರು. ನನ್ನ ತಲೆಯೊಳಗೆ ಆ ಇಳಿಜಾರು ಆಗಲೇ ಶುರುವಾಗಿತ್ತು.

"ಮೇಸ್ತ್ರಿ, ಪಾನಾ ತಂದೀರಲ್ರಿ," ಎಂದೆ. "ಒಂದ್ಸಲ ಹಾಕಿ ನೋಡ್ರಿ. ನನ್ನ ಸಮಾಧಾನಕ್ಕ."

"ಬ್ಯಾಡ್ರಿ."

"ಯಾಕ್ರಿ?"

ಅವರು ಬೆರಳಿನ ಧೂಳನ್ನು ಲುಂಗಿಗೆ ಒರೆಸಿಕೊಂಡರು. ಹುಲಿಗೆಮ್ಮ ಸೆರಗು ಸಿಕ್ಕಿಸುತ್ತ ಹತ್ತಿರ ಬಂದಳು. "ನೋಡಿಬಿಡ್ರಿ ತಾತ. ಹಿಂದ ಕುಂದ್ರೋರು ನಾವು. ಅಣ್ಣಾರು ಹಿಂಗ ಅಂಜಿದ ಮ್ಯಾಲ ನಮಗೂ ಜೀವ ಕುಂದ್ರಂಗಿಲ್ಲ."

ನನ್ನ ಅಂಜಿಕೆಯನ್ನು ಅಷ್ಟು ಮರ್ಯಾದೆಯಿಂದ ಯಾರೂ ನಡೆಸಿಕೊಂಡಿರಲಿಲ್ಲ. ಮೇಸ್ತ್ರಿ ಅವಳ ಕಡೆ ನೋಡಿದರು, ಕಲ್ಲಿನ ಮೇಲೆ ಕೂತಿದ್ದ ಉಳಿದ ನಾಲ್ವರ ಕಡೆ ನೋಡಿದರು. ಅವರಿಗೆ ಎಷ್ಟು ಕಾಣಿಸಿತೋ ನನಗೆ ಗೊತ್ತಿಲ್ಲ. ಸೊಂಟದಿಂದ ಪಾನಾ ತೆಗೆದರು. ನಾನೂ ಬಗ್ಗಿ ನೋಡುತ್ತಿದ್ದೆ. ಏರಿ ಬಂದ ಗುಂಡು ಇನ್ನೂ ಬಿಸಿಯಾಗಿತ್ತು. ಮಣಿಕಟ್ಟು ತಿರುಗಲಿಲ್ಲ, ಬೋಲ್ಟು ಎಲ್ಲಿರಬೇಕೋ ಅಲ್ಲೇ ಇತ್ತು. ಅವರು ಸ್ವಲ್ಪ ತಡೆದರು. ಆಮೇಲೆ, ನಾನು ಅವರನ್ನು ಕಂಡ ಇಷ್ಟು ವರ್ಷಗಳಲ್ಲಿ ಮೊದಲ ಸಲ, ಮೊಣಕೈ ಊರಿ, ಭುಜದಿಂದ ಎಳೆದರು.

ಕಡ್ಡಿ ಮುರಿದಷ್ಟೇ ಸದ್ದು. ಪಾನಾ ಹಗುರವಾಗಿ ಒಂದು ಸುತ್ತು ಬಂತು. ಬೋಲ್ಟಿನ ಬುಡದಲ್ಲಿ ಹೊಸ ಎಣ್ಣೆ ಜಿನುಗಿ, ಹನಿಯಾಗಿ, ಅವರ ಗಲ್ಲದ ಮೇಲೆ ಬಿತ್ತು.

"ಬಾಳಿ ನಾರು," ಎಂದರು ಅವರು. "ಜಲ್ದಿ."

ಹುಲಿಗೆಮ್ಮ ಗೊನೆ ಕಟ್ಟಿದ್ದ ಒಣಪಟ್ಟೆಯಿಂದ ನಾರು ಸೀಳಿ ಕೊಟ್ಟಳು. ಮೇಸ್ತ್ರಿ ಬೋಲ್ಟನ್ನು ಹೊರಗೆ ತೆಗೆದು, ತೂತಿಗೆ ಹೆಬ್ಬೆರಳು ಒತ್ತಿ ಹಿಡಿದರು. ಬಿಸಿ ಎಣ್ಣೆ ಮೊಣಕೈವರೆಗೆ ಇಳಿಯಿತು. ಇನ್ನೊಂದು ಕೈಯಲ್ಲಿ, ಹಲ್ಲಿನ ಸಹಾಯದಿಂದ, ಬೋಲ್ಟಿಗೆ ನಾರು ಸುತ್ತಿ, ಹೆಬ್ಬೆರಳು ತೆಗೆದ ಗಳಿಗೆಯಲ್ಲೇ ಅದನ್ನು ಒಳಕ್ಕೆ ನೂಕಿ ತಿರುವಿದರು. ಜಿನುಗುವುದು ನಿಂತಿತು. ಸೋರಿದಷ್ಟು ಎಣ್ಣೆಯನ್ನು ಡಬ್ಬಿಯಿಂದ ಮೇಲೆ ತುಂಬಿದರು.

"ಎರಡನೇ ಗೇರಿನಾಗ ಇಳಿಸಲೇ ಶೇಖರ. ಸಂಡೂರಾಗ ನೋಡು, ಬರುವಾಗ ನೋಡು," ಎಂದರು. ಗಾಡಿ ಹೋಯಿತು. ಸಂಜೆ ಐದಕ್ಕೆ ವಾಪಸೂ ಬಂತು. ಆ ಜಾಗಕ್ಕೆ ದೊಡ್ಡ ಬೋಲ್ಟು ಹಾಕಿಸಿದ ಮೇಲೆ ಮುಂದೆ ಎಂಟು ವರ್ಷ ಓಡಿತು. ಬೆಂಚಿನ ಮೇಲಿದ್ದ ಆ ಮನುಷ್ಯ ಹೇಳಿದಂತೆ ಮರುದಿನವೇ ತನ್ನ ಟ್ರ್ಯಾಕ್ಟರು ತಂದು ನಿಲ್ಲಿಸಿದ. ಊರಿನ ಲೆಕ್ಕದಲ್ಲಿ ಮೇಸ್ತ್ರಿ ಗೆದ್ದಿದ್ದರು.

ಘಾಟಿಯ ಆ ತಿರುವಿನಲ್ಲಿ, ಗಾಡಿಯ ಸದ್ದು ಕೆಳಗೆ ಪೂರ್ತಿ ಇಳಿದುಹೋಗುವವರೆಗೆ ಅವರು ಕಲ್ಲಿನ ಮೇಲೆ ಕೂತೇ ಇದ್ದರು. ನಾನು ಸ್ಕೂಟರಿನ ಹತ್ತಿರ ನಿಂತಿದ್ದೆ.

"ಥ್ರೆಡ್ ಸವದಿತ್ತು ಅಂತ ಬೆಳಿಗ್ಗೇನ ಕೈಗೆ ಗೊತ್ತಾಗಿತ್ರಿ," ಎಂದರು. "ಅದಕ್ಕ ಅಲ್ಲಿಗೆ ನಿಲ್ಸಿದ್ದೆ. ನಿಮಗ ಹೇಳಿದ್ರ ಅಂಜ್ತೀರಿ ಅಂತ ಹೇಳಲಿಲ್ಲ."

ಆಮೇಲೆ ಎಣ್ಣೆಗೈ ಬಿಚ್ಚಿದರು. ನಾರು ಸುತ್ತುವ ಮೊದಲು ಬೋಲ್ಟಿನಿಂದ ಬಿಡಿಸಿಕೊಂಡದ್ದು ಅಲ್ಲಿತ್ತು. ಗುಂಡಿನ ಒಳಗೆ ಬೋಲ್ಟನ್ನು ಹಿಡಿದು ಕೂರಿಸುವ ಸುತ್ತುಗೆರೆ, ಸಣ್ಣ ಮಗುವಿನ ಗುಂಗುರು ಕೂದಲಿನಂತೆ ಸುರುಳಿಯಾಗಿ ಹೊಳೆಯುತ್ತಿತ್ತು. ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು. ಕಾಣಿಸಲಿಲ್ಲವೆಂದು ಬೆರಳಿನಿಂದ ಎಣಿಸಿದರು.

ಆವತ್ತು ಕೆಟ್ಟದ್ದು ಇಷ್ಟೇ. ಒಂದೂವರೆ ಸುತ್ತು ಥ್ರೆಡ್ಡು.